ಪೆನ್ಸಿಲ್ ಹಿಡಿಸುವ ಮೊದಲು ಗುಂಡಿ ಹಾಕಲು ಕಲಿಸಿ

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಮಾರ್ಚ್ 21ಕ್ಕೆ ವಿಶ್ವ ಡೌನ್ ಸಿಂಡ್ರೋಮ್ ದಿನದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಜೀವಕೋಶದಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ. ಅದಕ್ಕೇ ಮೂರನೇ ತಿಂಗಳ 21ನೇ ತಾರೀಖು. ಮಕ್ಕಳ ನಗುಮುಖದ ಫೋಟೊ, ಜಾಥಾ, ಆ ದಿನಕ್ಕೆಂದೇ ಹಾಕುವ ಬಣ್ಣಬಣ್ಣದ ಕಾಲುಚೀಲ, ಎಲ್ಲ ನೋಡಿ ನನಗೂ ಖುಷಿಯಾಗುತ್ತದೆ. ಆದರೆ ನನ್ನಂಥ ತಾಯಂದಿರು ಹುಡುಕುವ ವಿಷಯ ಅದರಲ್ಲಿ ಸಿಗುವುದಿಲ್ಲ. ಈ ಮಗು ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುವುದನ್ನು ಹೇಗೆ ಕಲಿಯುತ್ತದೆ? ಊಟದ ತುತ್ತು ತಾನೇ ಮಾಡಿ ಬಾಯಿಗಿಡಲು, ಬಳಪ ಹಿಡಿಯಲು, ನೀರಿನ ಬಾಟಲಿ ಮುಚ್ಚಳ ತೆಗೆಯಲು ಯಾರು ಕಲಿಸಬೇಕು? ದಯವಿಟ್ಟು ಅದರ ಬಗ್ಗೆ ಬರೆಯಲು ಸ್ವಲ್ಪ ಜಾಗ ಕೊಡಿ. ಪತ್ರ ಉದ್ದವಾಗಿದೆ, ಆದರೆ ಎಲ್ಲವೂ ಬೇಕಾದ ಮಾತೇ.

ನಾನು ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನವಳು. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಬ್ಲೌಸು, ಲಂಗ, ಶಾಲೆ ಯೂನಿಫಾರಂ. ನನ್ನ ಮಗಳಿಗೆ ಡೌನ್ ಸಿಂಡ್ರೋಮ್ ಇದೆ. ಎಂಟು ವರ್ಷ, ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ. ಈಗ ಈ ಪತ್ರ ಬರೆಯಲು ಕಾರಣ ನಮ್ಮ ಪಕ್ಕದ ಬೀದಿಯ ಒಬ್ಬ ತಾಯಿ. ಅವಳ ಮಗನಿಗೂ ಡೌನ್ ಸಿಂಡ್ರೋಮ್ ಇದೆ, ಈ ಜೂನ್‌ಗೆ ಒಂದನೇ ತರಗತಿಗೆ ಸೇರುತ್ತಾನೆ. "ಅಕ್ಕಾ, ಕಾಪಿ ಪುಸ್ತಕ ತಂದಿದೀನಿ, ದಿನಾ ಕೈ ಹಿಡಿದು ಒಂದು ಪುಟ ಬರೆಸ್ತೀನಿ. ಕೈ ಬಿಟ್ಟ ತಕ್ಷಣ ಪೆನ್ಸಿಲ್ ಕೆಳಗೆ ಬೀಳುತ್ತೆ. ಶಾಲೆಯಲ್ಲಿ ಸೇರಿಸ್ಕೊಳ್ತಾರೋ ಇಲ್ಲವೋ" ಅಂತ ಕಣ್ಣಲ್ಲಿ ನೀರು ಹಾಕಿಕೊಂಡಳು. ಆ ಮಗುವಿಗೆ ಇನ್ನೂ ಶರ್ಟಿನ ಗುಂಡಿ ಬಿಚ್ಚಲು ಬರುವುದಿಲ್ಲ. ಡಬ್ಬಿ ಮುಚ್ಚಳ ತೆಗೆಯಲು ಬರುವುದಿಲ್ಲ. ಪೆನ್ಸಿಲ್ ಹೇಗೆ ನಿಲ್ಲಬೇಕು ಹೇಳಿ. ತಪ್ಪು ಆ ತಾಯಿಯದಲ್ಲ. ಅವಳಿಗೆ ಯಾರೂ ಹೇಳಿಲ್ಲ, ಅಷ್ಟೇ.

ನಾನು ಹೇಳಬೇಕಾದ್ದು ಇದೇ. ಬರವಣಿಗೆ ಬೆರಳಿನ ಕೆಲಸಗಳಲ್ಲಿ ಕೊನೆಗೆ ಬರುವಂಥದ್ದು. ಅದಕ್ಕೆ ಮೊದಲು ಭುಜ ಗಟ್ಟಿಯಾಗಬೇಕು, ಮಣಿಕಟ್ಟು ಗಟ್ಟಿಯಾಗಬೇಕು, ಹೆಬ್ಬೆರಳು ಕೆಲಸಕ್ಕೆ ಇಳಿಯಬೇಕು. ಇವೆಲ್ಲ ಆಗುವುದು ವಾರಕ್ಕೊಮ್ಮೆ ಅರ್ಧ ಗಂಟೆಯ ಥೆರಪಿಯಲ್ಲಿ ಅಲ್ಲ. ಬೆಳಿಗ್ಗೆ ಬಟ್ಟೆ ಹಾಕುವಾಗ, ಮಧ್ಯಾಹ್ನ ಊಟಕ್ಕೆ ಕೂತಾಗ, ಸಂಜೆ ಅಡುಗೆಮನೆಯಲ್ಲಿ. ಅದನ್ನು ತಾಯಿಗೆ ತೋರಿಸಿಕೊಡುವ ಒಬ್ಬರು ನಮ್ಮ ತಾಲ್ಲೂಕಿನಲ್ಲೇ ಸಿಗಬೇಕು.

ಈ ಮಕ್ಕಳ ಕೈ ಯಾಕೆ ಹೀಗೆ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸೋಮಾರಿತನ ಅಂದುಕೊಳ್ಳುತ್ತಾರೆ, ಹಟ ಅಂದುಕೊಳ್ಳುತ್ತಾರೆ. ಹುಟ್ಟಿನಿಂದಲೇ ಇವರ ಸ್ನಾಯುಗಳ ಬಿಗಿ ಕಡಿಮೆ. ಕೀಲುಗಳನ್ನು ಹಿಡಿದಿಡುವ ನಾರು ಸಡಿಲ. ಅಂಗೈ ಚಿಕ್ಕದು, ಬೆರಳು ಗಿಡ್ಡ, ಎಷ್ಟೋ ಮಕ್ಕಳಲ್ಲಿ ಕಿರುಬೆರಳು ಒಳಕ್ಕೆ ಬಾಗಿರುತ್ತದೆ. ಪುಟ್ಟಿಯ ಹೆಬ್ಬೆರಳನ್ನು ಮೆಲ್ಲಗೆ ಹಿಂದಕ್ಕೆ ತಂದರೆ ಅದು ಎಲ್ಲೂ ತಡೆಯದೆ ಹೋಗುತ್ತಲೇ ಇರುತ್ತದೆ. ಅಷ್ಟು ಸಡಿಲ ಇರುವ ಬೆರಳಿನಲ್ಲಿ ಒಂದು ಸಣ್ಣ ವಸ್ತುವನ್ನು ಒತ್ತಿ ಹಿಡಿಯಬೇಕಾದರೆ ನಮಗೆ ನಿಮಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಶ್ರಮ ಬೇಕು. ಸ್ನಾಯುವಿನ ಬಿಗಿ ವ್ಯಾಯಾಮದಿಂದ ಪೂರ್ತಿ ಸರಿಹೋಗುವುದಿಲ್ಲ, ಅದು ಹುಟ್ಟಿನ ಗುಣ. ಆದರೆ ಬಲ ಬೆಳೆಯುತ್ತದೆ, ಜಾಣ್ಮೆ ಬೆಳೆಯುತ್ತದೆ. ನಮ್ಮ ಆಸೆಯೆಲ್ಲ ಇರುವುದು ಅಲ್ಲೇ. ಜೊತೆಗೆ, ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಪುಟ್ಟಿಗೂ ಇತ್ತು, ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಬೇರೆ ಮಕ್ಕಳು ಬೋರಲು ಬಿದ್ದು, ತೆವಳಿ, ಕೈ ಊರಿ ಆಡುವ ತಿಂಗಳುಗಳನ್ನು ಅವಳು ಮಲಗಿಯೇ ಕಳೆದಳು. ಕೈಗೆ ಸಿಗಬೇಕಾದ ಮೊದಲ ಕಸರತ್ತು ಅಲ್ಲೇ ತಪ್ಪಿತು.

ನಮಗೆ ಸಿಕ್ಕ ಓಟಿ ಮೇಡಂ, ಅಂದರೆ ದಿನನಿತ್ಯದ ಕೆಲಸ ತಾನೇ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್, ಮೊದಲ ದಿನ ಪುಟ್ಟಿಯ ಬೆರಳನ್ನು ಮುಟ್ಟಲೇ ಇಲ್ಲ. ಅವಳು ಕೂತ ರೀತಿ ನೋಡಿದರು. ನೆಲದ ಮೇಲೆ ಮಂಡಿ ಮಡಚಿ, ಎರಡೂ ಪಾದ ಹೊರಗೆ ಚಾಚಿ ಕೂತಿದ್ದಳು. ಅವಳು ಹಾಗೇ ಕೂರುವುದು. "ಅಮ್ಮ, ನಡು ನಿಲ್ಲಲ್ಲ ಅಂತ ಕಾಲನ್ನೇ ಆಸರೆ ಮಾಡ್ಕೊಂಡಿದಾಳೆ. ಮೈ ನಿಲ್ಲಿಸೋದೇ ಒಂದು ಕೆಲಸ ಆಗಿಬಿಟ್ರೆ ಕೈ ಇನ್ನೇನು ಕೆಲಸ ಮಾಡುತ್ತೆ?" ಅಂದರು. ನನಗೆ ಕೂಡಲೇ ಅರ್ಥವಾಯಿತು. ಒಳಗೆ ಕ್ಯಾನ್ವಾಸ್ ಅನ್ನುವ ಗಟ್ಟಿ ಬಟ್ಟೆ ಇಡದ ಕಾಲರ್ ಎಷ್ಟು ಇಸ್ತ್ರಿ ಹಾಕಿದರೂ ನಿಲ್ಲುವುದಿಲ್ಲ. ಬೆನ್ನು, ಭುಜ, ಮಣಿಕಟ್ಟು ಗಟ್ಟಿಯಿಲ್ಲದ ಕೈಯೂ ಹಾಗೇ.

ಅವರು ಹೇಳಿಕೊಟ್ಟ ಮೊದಲ ಕೆಲಸ ಕೂರಿಸುವುದು. ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಮೇಜು ಮೊಣಕೈ ಎತ್ತರಕ್ಕೆ ಇರಬೇಕು. ನಮ್ಮ ಮನೆಯಲ್ಲಿ ಅಂಥ ಮೇಜು ಕುರ್ಚಿ ಎಲ್ಲಿ ಬರಬೇಕು? ಪ್ಲಾಸ್ಟಿಕ್ ಸ್ಟೂಲು, ಅದರ ಮುಂದೆ ನನ್ನ ಹೊಲಿಗೆ ಮಷಿನ್ನಿನ ಹಳೆ ಪೆಟ್ಟಿಗೆ, ಕಾಲ ಕೆಳಗೆ ಒಂದು ಮಣೆ. ಸಾಕಾಯಿತು. ನೆಲದ ಮೇಲಾದರೆ ಚಕ್ಕಳಮಕ್ಕಳ, ಬೆನ್ನಿಗೆ ಗೋಡೆ. ಆಮೇಲೆ ಕೈ ಊರುವ ಆಟ. ನಾಲ್ಕು ಕಾಲಲ್ಲಿ ದಿಂಬಿನ ಗುಡ್ಡ ಹತ್ತುವುದು, ಗೋಡೆಗೆ ಅಂಗೈ ಒತ್ತಿ ತಳ್ಳುವುದು, ಬಕೆಟ್ಟಿನಲ್ಲಿ ಅರ್ಧ ನೀರು ಹಾಕಿ ಗಿಡದ ಬುಡಕ್ಕೆ ಸಾಗಿಸುವುದು. ತೊಡೆ ಹಿಡಿದೆತ್ತಿ ಎರಡು ಕೈಯಲ್ಲಿ ನಡೆಸುವ ಆಟವೂ ಒಳ್ಳೆಯದು. ಆದರೆ ಪಾದ ಹಿಡಿಯಬಾರದು, ನಡು ಜೋತುಬೀಳುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಮಕ್ಕಳಲ್ಲಿ ಕೆಲವರಿಗೆ ಕತ್ತಿನ ಮೇಲ್ತುದಿಯ ಎರಡು ಮೂಳೆಗಳ ಜೋಡಣೆ ಸಡಿಲ ಇರುತ್ತದೆ. ಡಾಕ್ಟರನ್ನು ಕೇಳದೆ ಲಾಗ ಹಾಕಿಸುವುದು, ತಲೆ ಕೆಳಗೆ ಮಾಡಿ ನಿಲ್ಲಿಸುವುದು, ಕತ್ತನ್ನು ಬಲವಂತವಾಗಿ ಬಗ್ಗಿಸುವುದು ಬೇಡವೇ ಬೇಡ. ನಡಿಗೆ ಇದ್ದಕ್ಕಿದ್ದಂತೆ ಬದಲಾದರೆ, ಕತ್ತು ಒಂದು ಕಡೆ ವಾಲಿದರೆ, ಕೈಕಾಲು ಸೋತರೆ, ಬಟ್ಟೆಯಲ್ಲಿ ಮೂತ್ರ ಮಾಡುವುದು ಬಿಟ್ಟ ಮಗು ಮತ್ತೆ ಶುರುಮಾಡಿದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ದೈಹಿಕ ಶಿಕ್ಷಣದ ಮೇಷ್ಟ್ರುಗಳು ಇದನ್ನು ದಯವಿಟ್ಟು ಗಮನಿಸಿ.

ಇನ್ನು ಹೆಬ್ಬೆರಳು. ಬೆರಳ ಕೆಲಸದಲ್ಲಿ ದೊಡ್ಡ ಪಾಲು ಹೆಬ್ಬೆರಳಿನದೇ. ಸಾಮಾನ್ಯವಾಗಿ ಮಕ್ಕಳು ಒಂಬತ್ತು ಹತ್ತು ತಿಂಗಳಿಗೆ ಹೆಬ್ಬೆರಳು ತೋರುಬೆರಳು ಜೋಡಿಸಿ ಮಂಡಕ್ಕಿ ಕಾಳು ಹೆಕ್ಕುತ್ತವೆ. ನಮ್ಮ ಮಕ್ಕಳಿಗೆ ಅದು ಎಷ್ಟೋ ತಿಂಗಳು ತಡ. ಅಲ್ಲಿಯವರೆಗೆ ಎಲ್ಲವನ್ನೂ ಅಂಗೈಯಲ್ಲಿ ಬಾಚಿ ಹಿಡಿಯುತ್ತವೆ. ಪುಟ್ಟಿ ನಾಲ್ಕು ವರ್ಷವಾದರೂ ಹಾಗೇ ಬಾಚುತ್ತಿದ್ದಳು. ಅದಕ್ಕೆ ಮೇಡಂ ಯಾವ ಸಾಮಾನನ್ನೂ ಕೊಳ್ಳಿ ಅನ್ನಲಿಲ್ಲ. "ನಿಮ್ಮನೇಲಿ ಏನು ಅಡುಗೆ ಮಾಡ್ತೀರಿ?" ಅಂತ ಕೇಳಿದರು.

ಅವರೆಕಾಯಿ ಕಾಲ. ನಮ್ಮ ಕಡೆ ಹಿತಕಿದ ಬೇಳೆ ಸಾರಿಲ್ಲದೆ ಆ ಎರಡು ತಿಂಗಳು ಕಳೆಯುವುದೇ ಇಲ್ಲ ಅಲ್ವಾ. ರಾತ್ರಿ ನೆನೆಹಾಕಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಆಚೆ ಬರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಈ ಒಂದು ಕೆಲಸದಲ್ಲಿ ಎಲ್ಲವೂ ಇದೆ. ಒದ್ದೆ ಕಾಳು ಜಾರುತ್ತದೆ, ಹಾಗಾಗಿ ಬೆರಳ ತುದಿಯಲ್ಲೇ ಹಿಡಿಯಬೇಕು. ಒತ್ತಡ ಕಡಿಮೆಯಾದರೆ ಬೇಳೆ ಬರುವುದಿಲ್ಲ, ಜಾಸ್ತಿಯಾದರೆ ನುಜ್ಜಾಗುತ್ತದೆ. ಬಂದ ಕೂಡಲೇ ಬಟ್ಟಲಲ್ಲಿ ಟಪ್ ಅನ್ನುತ್ತದೆ. ಆ ಸದ್ದಿಗೆ ಮಗು ಇನ್ನೊಂದು ಕಾಳು ತೆಗೆದುಕೊಳ್ಳುತ್ತದೆ. ಮೊದಮೊದಲು ಪುಟ್ಟಿ ಕಾಳನ್ನು ಮುಷ್ಟಿಯಲ್ಲಿಟ್ಟು ಹಿಸುಕುತ್ತಿದ್ದಳು. ನಮ್ಮತ್ತೆ ಅವಳ ಉಳಿದ ಮೂರು ಬೆರಳಿನೊಳಗೆ ಒಂದು ಸಣ್ಣ ಬಟ್ಟೆ ಚೂರನ್ನು ಮಡಚಿ ಇಟ್ಟು "ಇದನ್ನ ಗಟ್ಟಿಯಾಗಿ ಇಟ್ಕೋ, ಬೀಳಿಸ್ಬೇಡ" ಅಂದರು. ಬಟ್ಟೆ ಹಿಡಿದ ಮೂರು ಬೆರಳು ಮಡಚಿಕೊಂಡವು, ಉಳಿದ ಎರಡು ಕೆಲಸಕ್ಕೆ ಬಂದವು. ಆಮೇಲೆ ಮೇಡಂಗೆ ಹೇಳಿದರೆ, ಓಟಿಯಲ್ಲಿ ಮಾಡಿಸುವುದೂ ಇದನ್ನೇ ಅಂದರು. ನಮ್ಮತ್ತೆ ಓದಿದವರಲ್ಲ. ಹೂ ಕಟ್ಟುವ ಕೈ ಅವರದು.

ಅವರೆ ಕಾಲ ಮುಗಿದರೆ ಕಡಲೆಕಾಯಿ ಬಿಡಿಸುವುದು, ಹುಣಸೆಹಣ್ಣಿನ ಬೀಜ ತೆಗೆಯುವುದು, ಕೊತ್ತಂಬರಿ ಎಲೆ ಬಿಡಿಸುವುದು, ಬೆಳ್ಳುಳ್ಳಿ ಸಿಪ್ಪೆ ಸುಲಿಯುವುದು. ಅಳಿಗುಳಿ ಮಣೆ ಇದ್ದರೆ ಇನ್ನೂ ಒಳ್ಳೆಯದು. ಹಿಡಿಯಲ್ಲಿ ಕಾಳು ಇಟ್ಟುಕೊಂಡು ಒಂದೊಂದನ್ನೇ ಬೆರಳ ತುದಿಗೆ ತಂದು ಗುಳಿಗೆ ಹಾಕುವುದು ಬಹಳ ಕಷ್ಟದ ಕೆಲಸ, ಮಕ್ಕಳಿಗೆ ಆಟ. ಆದರೆ ಈ ಮಕ್ಕಳು ವಸ್ತುಗಳನ್ನು ಬಾಯಿಗೆ ಹಾಕುವುದನ್ನು ಬೇಗ ಬಿಡುವುದಿಲ್ಲ. ಕಾಳು, ಬೀಜ, ಮಣಿ ಕೊಟ್ಟು ಎದ್ದು ಹೋಗಬಾರದು. ಪಕ್ಕದಲ್ಲೇ ಕೂರಬೇಕು.

ಊಟದ ಬಗ್ಗೆಯೂ ಹೇಳುತ್ತೇನೆ. ಚಮಚ ಬೇಕು, ಬೇಡ ಅನ್ನುವುದಿಲ್ಲ. ಆದರೆ ಮುದ್ದೆಯಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಮುರಿಯಬೇಕು, ಮೂರು ಬೆರಳಲ್ಲಿ ಉಂಡೆ ಮಾಡಬೇಕು, ಸಾರಿನಲ್ಲಿ ಅದ್ದಬೇಕು. ಅನ್ನವಾದರೆ ಕಲಸಬೇಕು, ಹೆಬ್ಬೆರಳಲ್ಲಿ ತಳ್ಳಿ ಬಾಯಿಗೆ ಹಾಕಬೇಕು. ಮೈಮೇಲೆಲ್ಲ ಚೆಲ್ಲುತ್ತದೆ, ಹೊತ್ತಾಗುತ್ತದೆ, ನೆಂಟರ ಎದುರು ಮುಜುಗರವಾಗುತ್ತದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಎಂಟು ಹತ್ತು ವರ್ಷದ ಮಕ್ಕಳಿಗೂ ತಾಯಿಯೇ ತಿನ್ನಿಸುತ್ತಾಳೆ. ಪ್ರೀತಿಯಿಂದಲೇ ಮಾಡುತ್ತಾಳೆ. ಆದರೆ ದಿನಕ್ಕೆ ಮೂರು ಸಲ ಸಿಗುವ ಥೆರಪಿ ಕೈತಪ್ಪಿ ಹೋಗುತ್ತದೆ.

ಗುಂಡಿಯ ವಿಷಯಕ್ಕೆ ಬರುತ್ತೇನೆ. ಇದು ನನ್ನ ಕಸುಬು, ಹಾಗಾಗಿ ವಿವರವಾಗಿ ಹೇಳಬಲ್ಲೆ. ಅಂಗಡಿಯ ಅಂಗಿಗಳಲ್ಲಿ ಮಕ್ಕಳ ಗುಂಡಿ ಬಹಳ ಸಣ್ಣದು, ಕಾಜಾ ಅಂದರೆ ಗುಂಡಿ ತೂರಿಸುವ ತೂತು ಬಿಗಿ, ಗುಂಡಿಯನ್ನು ಬಟ್ಟೆಗೆ ಒತ್ತಿ ಹೊಲಿದಿರುತ್ತಾರೆ. ಸಡಿಲ ಬೆರಳಿನ ಮಗುವಿಗೆ ಅದನ್ನು ಹಿಡಿಯಲು ಜಾಗವೇ ಇಲ್ಲ. ನಾನು ಮಾಡಿದ್ದು ಇಷ್ಟು. ಎರಡು ರೂಪಾಯಿ ನಾಣ್ಯದಷ್ಟು ಅಗಲದ ಚಪ್ಪಟೆ ಗುಂಡಿ ತಗೊಂಡೆ. ಹೊಲಿಯುವಾಗ ಗುಂಡಿಗೂ ಬಟ್ಟೆಗೂ ನಡುವೆ ಒಂದು ಬೆಂಕಿಕಡ್ಡಿ ಇಟ್ಟು, ಹೊಲಿದ ಮೇಲೆ ಕಡ್ಡಿ ಎಳೆದು, ಸಡಿಲವಾದ ದಾರಕ್ಕೆ ದಾರ ಸುತ್ತಿ ಗುಂಡಿಗೆ ಒಂದು ಕಾಲು ಮಾಡಿದೆ. ಆಗ ಗುಂಡಿ ಮೇಲೆದ್ದು ನಿಲ್ಲುತ್ತದೆ. ಕಾಜಾವನ್ನು ಗುಂಡಿಗಿಂತ ಒಂದು ನೂಲು ದೊಡ್ಡದು ಮಾಡಿದೆ. ಪಟ್ಟಿಗೆ ಒಳಗೆ ಕ್ಯಾನ್ವಾಸ್ ಕೊಟ್ಟೆ, ಬಟ್ಟೆ ಮುದುಡಬಾರದು ಅಂತ.

ಕಲಿಸಿದ್ದು ಹಿಂದಿನಿಂದ ಮುಂದಕ್ಕೆ. ಇದು ಓಟಿಯವರ ವಿಧಾನ, ಎಲ್ಲ ತಾಯಂದಿರಿಗೂ ಗೊತ್ತಿರಬೇಕಾದ್ದು. ಗುಂಡಿಯನ್ನು ಕಾಜಾದಲ್ಲಿ ಮುಕ್ಕಾಲು ಪಾಲು ನಾನೇ ತೂರಿಸಿ, ಕೊನೆಗೆ ಎಳೆಯುವುದನ್ನು ಮಾತ್ರ ಅವಳಿಗೆ ಬಿಟ್ಟೆ. ಎಳೆದ ಕೂಡಲೇ ಗುಂಡಿ ಹಾಕಿ ಆಯಿತು! ಹಾಕಿದ್ದು ಅವಳೇ. ಅದು ಚೆನ್ನಾಗಿ ಬಂದ ಮೇಲೆ ಅರ್ಧ ತೂರಿಸಿ ಬಿಟ್ಟೆ. ಆಮೇಲೆ ಅಂಚು ಮಾತ್ರ. ಕೊನೆಗೆ ಪೂರ್ತಿ ಅವಳದೇ. ಮೊದಲಿನಿಂದ ಶುರುಮಾಡಿಸಿದರೆ ಮಗು ಪ್ರತಿ ಸಲವೂ ನಡುವೆ ಸೋತು ಕೈಬಿಡುತ್ತದೆ. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಅವಳಿಗೇ ಸಿಗುತ್ತದೆ. ಮೊದಲು ಮೇಜಿನ ಮೇಲಿಟ್ಟ ಬಟ್ಟೆಯಲ್ಲಿ, ಆಮೇಲೆ ಮೈಮೇಲಿನ ಅಂಗಿಯಲ್ಲಿ. ಅಂಗಿಯಲ್ಲಿ ಕೆಳಗಿನ ಗುಂಡಿಯಿಂದ ಶುರುಮಾಡಬೇಕು, ಅದು ಕಣ್ಣಿಗೆ ಕಾಣುತ್ತದೆ. ಕತ್ತಿನ ಹತ್ತಿರದ ಗುಂಡಿ ಕಾಣುವುದೇ ಇಲ್ಲ, ಅದು ಎಲ್ಲಕ್ಕಿಂತ ಕೊನೆ. ಹೇಳಿಕೊಡುವವರು ಎದುರಿಗೆ ಕೂರಬಾರದು, ಪಕ್ಕದಲ್ಲಿ ಕೂರಬೇಕು. ಎದುರಿಗೆ ಕೂತರೆ ಎಡ ಬಲ ಎಲ್ಲ ತಿರುಗುಮುರುಗು.

ಪುಟ್ಟಿ ಈಗ ಯೂನಿಫಾರಂ ಶರ್ಟಿನ ಕತ್ತಿನ ಗುಂಡಿ ಒಂದು ಬಿಟ್ಟು ಉಳಿದದ್ದನ್ನೆಲ್ಲ ತಾನೇ ಹಾಕಿಕೊಳ್ಳುತ್ತಾಳೆ. ನಾನು ಕೈ ಹಾಕಲು ಹೋದರೆ "ನಾನು" ಅಂತ ನನ್ನ ಕೈ ತಳ್ಳುತ್ತಾಳೆ.

ಕಲಿಸುವಾಗ ಮಾತು ಕಡಿಮೆ ಇರಲಿ. ಈ ಮಕ್ಕಳು ಕಿವಿಯಲ್ಲಿ ಕೇಳಿ ಕಲಿಯುವುದಕ್ಕಿಂತ ಕಣ್ಣಲ್ಲಿ ನೋಡಿ ಚೆನ್ನಾಗಿ ಕಲಿಯುತ್ತಾರೆ. "ಇದನ್ನ ಹೀಗೆ ಹಿಡ್ಕೊಂಡು ಹಾಗೆ ತಿರುಗಿಸಿ ಆಮೇಲೆ ಒತ್ತು" ಅಂತ ಒಂದೇ ಉಸಿರಿಗೆ ಹೇಳಿದರೆ ಅಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಮಾಡಿ ತೋರಿಸಬೇಕು, ಒಂದೇ ಮಾತು ಹೇಳಬೇಕು, ಆಮೇಲೆ ಕಾಯಬೇಕು. ಮನಸ್ಸಿನಲ್ಲೇ ಹತ್ತು ಎಣಿಸಿ ಅಂದಿದ್ದರು ಮೇಡಂ. ಎಷ್ಟೋ ಸಲ ಎಂಟೋ ಒಂಬತ್ತೋ ಎಣಿಸುವಾಗ ಅವಳ ಕೈ ಮುಂದಕ್ಕೆ ಬರುತ್ತದೆ. ನಾವು ಮೂರಕ್ಕೇ ತಡೆಯಲಾರದೆ ಕೈ ಹಾಕಿಬಿಟ್ಟರೆ ಅದು ಯಾವತ್ತೂ ಬರುವುದಿಲ್ಲ. ಇನ್ನು ಕೈ ಹಿಡಿದು ಬರೆಸುವುದು. ನಾವು ಗಟ್ಟಿಯಾಗಿ ಹಿಡಿದರೆ ಮಗು ಕೈಯನ್ನು ಪೂರ್ತಿ ನಮಗೇ ಒಪ್ಪಿಸಿಬಿಡುತ್ತದೆ. ಬರೆಯುವುದು ನಾವು, ಅದರ ಬೆರಳು ಸುಮ್ನೆ ಜೊತೆಗಿರುತ್ತದೆ. ಮಣಿಕಟ್ಟಿಗೋ ಮೊಣಕೈಗೋ ಲಘುವಾಗಿ ಆಸರೆ ಕೊಟ್ಟು, ದಿನ ಕಳೆದಂತೆ ಅದನ್ನೂ ತೆಗೆಯುತ್ತಾ ಬರಬೇಕು.

ಕತ್ತರಿ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಟೈಲರ್ ಕತ್ತರಿ ಮಕ್ಕಳ ಕೈಗೆ ಯಾವತ್ತೂ ಬೇಡ. ತಾನಾಗಿ ತೆರೆದುಕೊಳ್ಳುವ ಸ್ಪ್ರಿಂಗ್ ಇರುವ ಮೊಂಡು ಕತ್ತರಿ ಸಿಗುತ್ತದೆ. ಹಾಳೆಗಿಂತ ಗಟ್ಟಿ ಕಾಗದದ ಸಣ್ಣ ಪಟ್ಟಿ ಕೊಡಿ, ಒಂದೇ ಏಟಿಗೆ ತುಂಡಾಗಬೇಕು. ಹೆಬ್ಬೆರಳ ಉಗುರಿಗೆ ಒಂದು ಬಿಂದಿ ಅಂಟಿಸಿ, "ಬಿಂದಿ ಮೇಲೆ ಕಾಣಬೇಕು" ಅಂದರೆ ಸಾಕು, ಕೈ ತಾನಾಗಿ ಸರಿಯಾಗಿ ತಿರುಗುತ್ತದೆ.

ಈಗ ಪೆನ್ಸಿಲ್. ಉದ್ದ ಪೆನ್ಸಿಲ್ ಕೊಟ್ಟರೆ ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಗಿಡ್ಡ ಬಳಪದ ಚೂರು ಕೊಟ್ಟು ನೋಡಿ. ಮುಷ್ಟಿ ಹಿಡಿಯಲು ಅಲ್ಲಿ ಜಾಗವೇ ಇರುವುದಿಲ್ಲ, ಬೆರಳ ತುದಿಗಳೇ ಬರಬೇಕು. ಮೇಣದ ಬಣ್ಣದ ಕಡ್ಡಿಯನ್ನೂ ಹಾಗೇ ಮುರಿದು ಕೊಡಿ. ಮತ್ತೆ, ಚಿಕ್ಕವರನ್ನು ಪುಸ್ತಕಕ್ಕೆ ಬಗ್ಗಿಸುವ ಮೊದಲು ಗೋಡೆಯ ಮೇಲೆ ಬರೆಯಲು ಬಿಡಿ. ನಿಂತ ಹಲಗೆಯ ಮೇಲೆ ಬರೆದರೆ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗಿ ಗಟ್ಟಿಯಾಗಿ ನಿಲ್ಲುತ್ತದೆ, ಭುಜವೂ ಕೆಲಸ ಮಾಡುತ್ತದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಿಕ್ಕ ತರಗತಿಯವರಿಗೆ ಆಟಪಾಠದ ಮೂಲಕ ಕಲಿಸುವ ನಲಿಕಲಿ ಕೊಠಡಿಯಲ್ಲಿ ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪುಹಲಗೆ ಇರುತ್ತದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ಆ ಪದ್ಧತಿ ನಮ್ಮಂಥ ಮಕ್ಕಳಿಗೆ ಹೇಳಿಮಾಡಿಸಿದ ಹಾಗಿದೆ. ಅಲ್ಲಿ ಅಕ್ಷರವನ್ನು ಅ ಆ ಇ ಈ ಅಂತ ಶುರುಮಾಡುವುದಿಲ್ಲ, ರ ಗ ಸ ದ ಅಂತ ಶುರುಮಾಡುತ್ತಾರೆ. ಎಷ್ಟು ಒಳ್ಳೆಯದು! ಆದರೂ ನಮ್ಮ ಮಕ್ಕಳು ರ ಬರೆಯುವ ಮೊದಲು ಉದ್ದ ಗೆರೆ, ಅಡ್ಡ ಗೆರೆ, ಸೊನ್ನೆ ಇವುಗಳಲ್ಲಿ ಬಹಳ ದಿನ ಆಡಬೇಕು. ತಟ್ಟೆಯಲ್ಲಿ ರವೆ ಹರಡಿ ಬೆರಳಲ್ಲಿ ಎಳೆಯಬಹುದು. ಬಾಗಿಲ ಮುಂದೆ ರಂಗೋಲಿ ಪುಡಿಯನ್ನು ಚಿಟಿಕೆ ಹಿಡಿದು ಗೆರೆ ಬಿಡಬಹುದು. ಗೆರೆ ಸೊಟ್ಟಗಿರಲಿ, ಚಿಟಿಕೆ ಕೂಡಿದರೆ ಸಾಕು.

ಎಲ್ಲ ಮಕ್ಕಳೂ ಪುಟಗಟ್ಟಲೆ ಬರೆಯುತ್ತಾರೆ ಅಂತ ನಾನು ಹೇಳುವುದಿಲ್ಲ. ಕೆಲವರು ಹೆಸರು ಬರೆಯುವಷ್ಟಕ್ಕೆ ನಿಲ್ಲಬಹುದು. ಅವರಿಗೆ ಅಕ್ಷರದ ಬಿಲ್ಲೆ ಜೋಡಿಸಿ, ಬೆರಳಿಟ್ಟು ತೋರಿಸಿ ಉತ್ತರ ಹೇಳಲು ಬಿಡಬೇಕು. ಬರೆಯಲು ಬಾರದ್ದಕ್ಕೆ ಓದಲೂ ಬರುವುದಿಲ್ಲ ಅಂದುಕೊಳ್ಳಬಾರದು. ಪುಟ್ಟಿ ಬಸ್ಸಿನ ಬೋರ್ಡು ಓದುತ್ತಾಳೆ, ಬರೆಯುವುದು ಇನ್ನೂ ಐದಾರು ಅಕ್ಷರ.

ಥೆರಪಿ ಹೆಸರಿನಲ್ಲಿ ಏನೇನೋ ನಡೆಯುತ್ತದೆ, ಅದನ್ನೂ ಹೇಳಲೇಬೇಕು. ಉಯ್ಯಾಲೆ, ಬ್ರಷ್ಷಿನಿಂದ ಕೈ ಉಜ್ಜುವುದು, ಬೇರೆಬೇರೆ ಬಗೆಯ ಸ್ಪರ್ಶ, ಇವೆಲ್ಲ ಅಮೆರಿಕದ ಜೀನ್ ಏರ್ಸ್ ಎಂಬ ಓಟಿ ಶುರುಮಾಡಿದ ಸೆನ್ಸರಿ ಇಂಟಿಗ್ರೇಷನ್ ಕಡೆಯಿಂದ ಬಂದವು. ಅಂಟು ಮುಟ್ಟಲು, ಹಿಟ್ಟು ಮುಟ್ಟಲು ಹೆದರುವ ಮಗುವಿಗೆ ಅದರಿಂದ ಉಪಯೋಗ ಆಗಬಹುದು. ಮೈಯ ಚಲನೆ ತಿದ್ದುವ ಬೋಬಾತ್ ದಂಪತಿಯ ವಿಧಾನವೂ ಇದೆ, ಲಂಡನ್ನಿನಿಂದ ಬಂದದ್ದು. ನಾನು ಯಾವುದನ್ನೂ ತೆಗೆದುಹಾಕುವುದಿಲ್ಲ. ಆದರೆ ನಾನು ಕಣ್ಣಾರೆ ಕಂಡಿದ್ದು ಇಷ್ಟೇ: ಮಗು ಯಾವ ಕೆಲಸ ಕಲಿಯಬೇಕೋ ಆ ಕೆಲಸವನ್ನೇ ದಿನದಿನ ಸ್ವಲ್ಪಸ್ವಲ್ಪ ಮಾಡಿದರೆ ಮಾತ್ರ ಕಲಿಯುತ್ತದೆ. ಗುಂಡಿ ಹಾಕಲು ಗುಂಡಿಯನ್ನೇ ಹಾಕಬೇಕು. ದೊಡ್ಡ ಊರಿನ ಒಂದು ಕೇಂದ್ರದಲ್ಲಿ ನಮಗೆ ಮೂರು ತಿಂಗಳ ಪ್ಯಾಕೇಜ್ ಅಂತ ಮುಂಗಡ ಕಟ್ಟಿಸಿಕೊಂಡರು. ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಿದ್ದರು. ಏನು ಮಾಡಿಸಿದಿರಿ ಎಂದು ಕೇಳಿದರೆ "ಅದೆಲ್ಲ ನಿಮಗೆ ಅರ್ಥ ಆಗಲ್ಲ" ಅನ್ನುವುದು. ಮನೆಯಲ್ಲಿ ಏನು ಮಾಡಬೇಕು ಎಂದು ಒಂದು ದಿನವೂ ಹೇಳಲಿಲ್ಲ. ತಾಯಿಯನ್ನು ಹೊರಗೆ ಕೂರಿಸುವ ಥೆರಪಿಗೆ ದುಡ್ಡು ಕಟ್ಟಬೇಡಿ. ಇನ್ನು ಮಾತ್ರೆ, ಪುಡಿ, ಇಂಜೆಕ್ಷನ್‌ನಿಂದ ಡೌನ್ ಸಿಂಡ್ರೋಮ್ ವಾಸಿ ಮಾಡುತ್ತೇವೆ ಅನ್ನುವವರನ್ನು ಹತ್ತಿರವೇ ಸೇರಿಸಬೇಡಿ. ಹೆಚ್ಚುವರಿ ಕ್ರೋಮೋಸೋಮನ್ನು ತೆಗೆಯುವ ಔಷಧಿ ಇಲ್ಲ.

ಔಷಧಿ ಬೇಕಾಗುವುದು ಬೇರೆ ಕಡೆ. ಈ ಮಕ್ಕಳಲ್ಲಿ ಥೈರಾಯ್ಡ್ ಕಡಿಮೆ ಇರುವುದು ಸಾಮಾನ್ಯ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಬೇಕು. ಕಣ್ಣಿನ ದೋಷ, ಕಿವಿಯಲ್ಲಿ ನೀರು ತುಂಬಿ ಕೇಳಿಸದಿರುವುದೂ ಬಹಳ. ಪುಟ್ಟಿ ಮಣಿ ಪೋಣಿಸುವಾಗ ದಾರವನ್ನು ತೂತಿನ ಪಕ್ಕಕ್ಕೇ ಚುಚ್ಚುತ್ತಿದ್ದಳು. ಬೆರಳು ಸರಿಯಿಲ್ಲ ಅಂತ ಎಲ್ಲರೂ ಅಂದರು. ಕನ್ನಡಕ ಹಾಕಿಸಿದ ಮೇಲೆ ಅದೇ ವಾರ ದಾರ ತೂತಿಗೆ ಹೋಯಿತು.

ಸರ್ಕಾರದಲ್ಲಿ ಏನೂ ಇಲ್ಲ ಅನ್ನುವ ಹಾಗಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ, ಅದರ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಇದೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ತಂಡ ಬರಬೇಕು. ಅಲ್ಲಿ ಗುರುತಿಸಿದ ಮಕ್ಕಳಿಗಾಗಿ ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರ ಅಂದರೆ ಡಿಇಐಸಿ. ಮಾತು, ಕಿವಿಯ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚೂ ಅದರಲ್ಲಿ ಸೇರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಹಾಗಾಗಿ "ಸೇರಿಸಿಕೊಳ್ಳುತ್ತಾರೋ ಇಲ್ಲವೋ" ಅಂತ ಯಾವ ತಾಯಿಯೂ ಹೆದರಬೇಕಾಗಿಲ್ಲ.

ಆದರೆ ಹಳ್ಳಿಯ ಕೂಲಿ ತಾಯಿಗೆ ಜಿಲ್ಲಾ ಕೇಂದ್ರವೂ ದೂರ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನಲ್ಲಿ ಮಗು ಸುಸ್ತಾಗಿ ನಿದ್ದೆ ಹೋಗುತ್ತದೆ, ಥೆರಪಿ ಹೊತ್ತಿಗೆ ಅಳುತ್ತದೆ. ಓಟಿ ಕಲಿತವರು ಜಾಸ್ತಿ ಇರುವುದು ಬೆಂಗಳೂರು, ಮಣಿಪಾಲ, ಮಂಗಳೂರು, ಮೈಸೂರಿನಂಥ ಕಡೆ. ಅವರಲ್ಲಿ ಒಬ್ಬರು ತಿಂಗಳಿಗೆ ಗೊತ್ತಾದ ಎರಡು ದಿನ ತಾಲ್ಲೂಕು ಆಸ್ಪತ್ರೆಗೋ ಶಿಕ್ಷಣ ಇಲಾಖೆಯ ತಾಲ್ಲೂಕು ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಗೋ ಬರುವಂತೆ ಆರೋಗ್ಯ ಇಲಾಖೆ, ಶಿಕ್ಷಣ ಇಲಾಖೆ ಸೇರಿ ಮಾಡಬೇಕು. ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬಿಆರ್‌ಸಿಯ ಬಿಐಇಆರ್‌ಟಿ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಆ ತಾಯಂದಿರು ಎಲ್ಲರೂ ಆ ದಿನ ಒಟ್ಟಿಗೆ ಕೂರಲಿ. ಮಗುವಿನ ಜೊತೆ ಮಾಡಿಸುತ್ತಲೇ ತೋರಿಸಿಕೊಡಲಿ. ಮುಂದಿನ ಹದಿನೈದು ದಿನಕ್ಕೆ ಮನೆಯಲ್ಲಿ ಏನು ಮಾಡಬೇಕು ಅನ್ನುವುದನ್ನು ಕನ್ನಡದಲ್ಲಿ, ಚಿತ್ರದ ಜೊತೆ, ಒಂದು ಹಾಳೆಯಲ್ಲಿ ಬರೆದುಕೊಡಲಿ. ಇದಕ್ಕೆ ಕಟ್ಟಡ ಬೇಡ, ಮಷಿನ್ ಬೇಡ. ಒಬ್ಬ ಕಲಿತವರು ಬೇಕು, ಅವರ ಸಂಬಳ, ಬಸ್ ಚಾರ್ಜು ಬೇಕು.

ಶಾಲೆಯವರಲ್ಲಿ ಎರಡು ಕೋರಿಕೆ. ಈ ಮಕ್ಕಳಿಗೆ ಕಾಪಿ ಬರೆಯುವ ಹೋಂವರ್ಕ್ ಕೊಡಬೇಡಿ, ಬದಲಿಗೆ ಕೆಳಗಿನ ಕಪ್ಪುಹಲಗೆಯ ಮುಂದೆ ದಿನಾ ಸ್ವಲ್ಪ ಹೊತ್ತು ಬಿಡಿ. ಇನ್ನೊಂದು, ವಿದ್ಯಾವಿಕಾಸ ಯೋಜನೆಯ ಸಮವಸ್ತ್ರದ ವಿಷಯ. ಎಲ್ಲರಂತೆ ಸಣ್ಣ ಗುಂಡಿಯೇ ಇರಬೇಕು, ಚಡ್ಡಿಗೆ ಹುಕ್ಕೇ ಇರಬೇಕು ಅಂತ ಪಟ್ಟು ಹಿಡಿಯಬೇಡಿ. ದೊಡ್ಡ ಗುಂಡಿ, ಸೊಂಟಕ್ಕೆ ಇಲಾಸ್ಟಿಕ್, ಜಿಪ್ಪಿನ ತುದಿಗೆ ಒಂದು ದಾರದ ಕುಣಿಕೆ, ಶೂಗೆ ಲೇಸಿನ ಬದಲು ವೆಲ್ಕ್ರೋ. ಮಗು ಶೌಚಾಲಯಕ್ಕೆ ತಾನೇ ಹೋಗಿ ಬರುತ್ತದೆ, ಟೀಚರಿಗೂ ಹೊರೆ ಇಲ್ಲ. ಟೈಲರ್ ಅಣ್ಣ ಅಕ್ಕಂದಿರಿಗೂ ಇದೇ ಮಾತು. ಇಂಥ ಮಗುವಿನ ಬಟ್ಟೆ ಬಂದರೆ ಗುಂಡಿಗೆ ಕಾಲು ಕಟ್ಟಿ ಕೊಡಿ. ಐದು ನಿಮಿಷದ ಕೆಲಸ.

ಕಲಿಯಲು ಬೇಕಾದ ಗುಂಡಿ ಪಟ್ಟಿ ನಾನು ಹೊಲಿದುಕೊಡುತ್ತೇನೆ. ಒಂದು ಗೇಣು ಗಟ್ಟಿ ಬಟ್ಟೆ, ಅದರಲ್ಲಿ ಒಂದು ದೊಡ್ಡ ಗುಂಡಿ, ಒಂದು ಟಿಚ್ ಬಟನ್, ಒಂದು ವೆಲ್ಕ್ರೋ, ಒಂದು ಜಿಪ್. ಪಕ್ಕದ ಬೀದಿಯ ಆ ಮಗುವಿಗೆ ಈಗಾಗಲೇ ಒಂದು ಕೊಟ್ಟಿದ್ದೇನೆ. ಬಟ್ಟೆ ಚೂರು ನನ್ನ ಹತ್ತಿರ ಬೇಕಾದಷ್ಟಿದೆ. ನಮ್ಮ ತಾಲ್ಲೂಕಿನ ಅಂಗನವಾಡಿಗಳಾಗಲಿ, ಮನೆಯವರಾಗಲಿ ಕೇಳಿದರೆ ದುಡ್ಡು ಬೇಡ, ಗುಂಡಿ ಮತ್ತು ಜಿಪ್ ತಂದುಕೊಟ್ಟರೆ ಸಾಕು. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಕೇಳಿದವರಿಗೆ ಕೊಡಿ. ಪತ್ರಿಕೆಯಲ್ಲಿ ಮಾತ್ರ ಮಗಳ ಹೆಸರಾಗಲಿ ನನ್ನ ಹೆಸರಾಗಲಿ ಹಾಕಬೇಡಿ.

ಇಂತಿ,
ಒಬ್ಬ ತಾಯಿ
ತುಮಕೂರು ಜಿಲ್ಲೆ